ಐದರ ವರ್ಗಮೂಲ ಮೈನಸ್ ಐದು

ಚೆರ್ನಿದೋಲ್, 14 ಜನವರಿ 1977

ಕಾಮ್ರೇಡ್ ಮೇಷ್ಟ್ರೇ,

ನಾನು ಜಫೀರಾ ಕೆಹಾಯೋವಾ. ವಯಸ್ಸು ಮೂವತ್ತಮೂರು. ಅಂಚೆ ಮೂಲಕ ಓದುವವರ ಪಟ್ಟಿಯಲ್ಲಿ ನನ್ನ ಸಂಖ್ಯೆ 118. ನನ್ನ ಗಣಿತದ ಉತ್ತರಗಳನ್ನು ತಿದ್ದುವವರು ನೀವೇ ಎಂದು ಶಾಲೆಯ ಕಚೇರಿಯಿಂದ ಕಾಗದ ಬಂದಿದೆ.

ಇಲ್ಲಿನ ಸೀಸದ ಗಣಿಯ ಅಳತೆ ಕಚೇರಿಯಲ್ಲಿ ಡಿಸೆಂಬರಿನಿಂದ ಕೆಲಸ ಮಾಡುತ್ತಿದ್ದೇನೆ. ಇಂಜಿನಿಯರು ಪೆನ್ಸಿಲ್ಲಿನಲ್ಲಿ ಹಾಕಿದ ಗೆರೆಯ ಮೇಲೆ ನಾನು ಶಾಯಿ ಎಳೆಯುತ್ತೇನೆ. ಕೈ ನಡುಗುವುದಿಲ್ಲ, ಅದಕ್ಕೇ ಇಟ್ಟುಕೊಂಡಿದ್ದಾರೆ. ಆದರೆ ಜೂನ್ ತಿಂಗಳ ಗಣಿತ ಪರೀಕ್ಷೆ ಪಾಸಾಗದಿದ್ದರೆ ಈ ಜಾಗ ಇರುವುದಿಲ್ಲ. ಅದಿರು ಆರಿಸುವ ಶೆಡ್ಡಿಗೆ ಹೋಗಬೇಕು. ಆ ಶೆಡ್ಡು ಗಣಿಯ ಬಾಯಿಗೆ ಎದುರಾಗಿದೆ. ದಿನಕ್ಕೆ ಎಂಟು ಗಂಟೆ ಅದನ್ನು ನೋಡಿಕೊಂಡು ನಿಲ್ಲಲು ನನಗೆ ಇಷ್ಟವಿಲ್ಲ.

ಮೊದಲ ಪಾಠದ ಉತ್ತರ ಲಗತ್ತಿಸಿದ್ದೇನೆ. ದ್ವಿಪದ ಪ್ರಮೇಯ, ಘಾತ ಎರಡರಿಂದ ಐದರವರೆಗೆ. ಪುಸ್ತಕದಲ್ಲಿರುವ ಹಾಗೆಯೇ ಬರೆದಿದ್ದೇನೆ.

ಜಫೀರಾ ಕೆಹಾಯೋವಾ

ಪ್ಲೊವ್ದಿವ್, 27 ಜನವರಿ 1977

ಕಾಮ್ರೇಡ್ ಕೆಹಾಯೋವಾ ಅವರಿಗೆ,

ಪುಸ್ತಕದಲ್ಲಿರುವ ಹಾಗೆಯೇ ಬರೆದಿದ್ದೀರಿ ನಿಜ. ಪುಸ್ತಕದಲ್ಲಿದ್ದ ಮುದ್ರಣ ದೋಷವನ್ನೂ ಬಿಡದೆ ಬರೆದಿದ್ದೀರಿ. ಸ್ವಾಮಿನಿಷ್ಠೆ ಅಂದರೆ ಇದು.

ನಲವತ್ತೊಂದು ವರ್ಷ ಪಾಠ ಮಾಡಿದವನು ನಾನು. ಈಗ ನಿವೃತ್ತಿಯಾಗಿ ಅಡುಗೆಮನೆ ಮೇಜಿನ ಮೇಲೆ ಕೆಂಪು ಶಾಯಿ ಇಟ್ಟುಕೊಂಡು ಕೂತಿದ್ದೇನೆ. ಪಕ್ಕದ ಮನೆಯವನು ಬೆಳಿಗ್ಗೆಯಿಂದ ತುತ್ತೂರಿ ಅಭ್ಯಾಸ ಮಾಡುತ್ತಾನೆ. ಅವನೂ ನಿಮ್ಮ ಹಾಗೆಯೇ, ಒಂದೇ ಸಾಲನ್ನು ತಿಳಿಯದೆ ಊದುತ್ತಾನೆ. ಆದ್ದರಿಂದ ನನ್ನ ಸಿಟ್ಟಿಗೆಲ್ಲ ನೀವೇ ಕಾರಣರಲ್ಲ.

a ಕೂಡಿಸು b, ಇದರ ಐದನೇ ಘಾತ ಅಂದರೆ ಐದು ಆವರಣಗಳು ಸಾಲಾಗಿ ನಿಂತಿವೆ. ಪ್ರತಿ ಆವರಣದಿಂದ ಒಂದನ್ನು ಮಾತ್ರ ಆರಿಸಬೇಕು, a ಅಥವಾ b. ಎರಡು ಆವರಣಗಳಿಂದ b, ಉಳಿದ ಮೂರರಿಂದ a ತೆಗೆದರೆ ಒಂದು ಪದ ಆಗುತ್ತದೆ. ಅಂಥವು ಹತ್ತು ಬರುತ್ತವೆ ಎಂದು ನೀವು ಬರೆದಿದ್ದೀರಿ. ಯಾಕೆ ಹತ್ತು? ಒಂಬತ್ತು ಯಾಕಲ್ಲ? ನಿಮ್ಮ ಮಾತಿನಲ್ಲಿ, ನಿಮಗೆ ಗೊತ್ತಿರುವ ವಸ್ತುಗಳನ್ನು ಇಟ್ಟುಕೊಂಡು ಹೇಳಿ. ಹುರುಳಿಕಾಯಿ ಆದರೂ ಸರಿ.

ಅರ್ಜಿಯಲ್ಲಿ ನಿಮಗೆ ಮದುವೆಯಾಗಿದೆ, ಯಜಮಾನರು ಗಣಿಯಲ್ಲಿ ಕೊರೆಯುವ ಕೆಲಸ ಎಂದಿದೆ. ಜೂನ್ ತನಕ ಪಾತ್ರೆ ತೊಳೆಯುವ ಕೆಲಸ ಅವರದು ಅಂತ ನಾನು ಆಜ್ಞೆ ಮಾಡಿದ್ದೇನೆ ಎಂದು ಹೇಳಿ.

ಸ್ತಾಮೆನ್ ಗೆರ್ಜಿಕೋವ್

ಚೆರ್ನಿದೋಲ್, 12 ಫೆಬ್ರವರಿ 1977

ಕಾಮ್ರೇಡ್ ಮೇಷ್ಟ್ರೇ,

ಮನೆಯಲ್ಲಿ ಪಾತ್ರೆ ಹೆಚ್ಚಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಇದು. ಐದು ಜನರ ಒಂದು ತಂಡ. ಅದರಲ್ಲಿ ಇಬ್ಬರನ್ನು ಬೇರೆ ಮಾಡಬೇಕು. ಯಾವ ಇಬ್ಬರು ಎಂದು ಗೊತ್ತಿಲ್ಲ. ಐವರಲ್ಲಿ ಒಬ್ಬನನ್ನು ಹಿಡಿದುಕೊಳ್ಳೋಣ, ಅವನ ಹೆಸರು ಮ. ಆ ಇಬ್ಬರಲ್ಲಿ ಮ ಇದ್ದರೆ, ಅವನ ಜೊತೆ ಇನ್ನೊಬ್ಬ ಉಳಿದ ನಾಲ್ವರಲ್ಲಿ ಯಾರಾದರೂ ಆಗಬಹುದು. ಆದ್ದರಿಂದ ನಾಲ್ಕು ರೀತಿ. ಮ ಇಲ್ಲದಿದ್ದರೆ ಇಬ್ಬರೂ ಉಳಿದ ನಾಲ್ವರಲ್ಲೇ ಇರಬೇಕು. ಅದು ಆರು ರೀತಿ. ನಾಲ್ಕೂ ಆರೂ ಸೇರಿ ಹತ್ತು. ಒಂಬತ್ತು ಆಗುವುದಿಲ್ಲ, ಹನ್ನೊಂದೂ ಆಗುವುದಿಲ್ಲ. ನಾನು ಎಲ್ಲವನ್ನೂ ಬರೆದು ನೋಡಿದ್ದೇನೆ.

ಇಲ್ಲಿ ಹಿಮ ಬಿದ್ದಿದೆ. ಬಸ್ಸು ಎರಡು ದಿನಕ್ಕೊಮ್ಮೆ ಬರುತ್ತದೆ.

ಜಫೀರಾ

ಪ್ಲೊವ್ದಿವ್, 22 ಫೆಬ್ರವರಿ 1977

ಜಫೀರಾ ಅವರೇ,

ನಿಮ್ಮ ಕಾಗದ ಓದಿ ಎದ್ದು ನಿಂತೆ. ತುತ್ತೂರಿಯವನ ಗೋಡೆ ಬಡಿದು, "ಸ್ವಲ್ಪ ನಿಲ್ಲಿಸಯ್ಯಾ, ಇಲ್ಲೊಂದು ಒಳ್ಳೆ ವಿಷಯ ನಡೀತಿದೆ" ಅಂದೆ. ನಿಲ್ಲಿಸಿದ. ನಿಮ್ಮ ಹೆಸರಿನಲ್ಲಿ ನಡೆದ ಮೊದಲ ಪವಾಡ ಇದು.

ನೀವು ಮಾಡಿದ್ದು ಏನು ಗೊತ್ತೇ? ಆ ತ್ರಿಕೋನದ ಕೋಷ್ಟಕದಲ್ಲಿ ಮೇಲಿನ ಎರಡು ಅಂಕಿ ಕೂಡಿದರೆ ಕೆಳಗಿನದು ಬರುತ್ತದಲ್ಲ, ಅದು ಯಾಕೆ ಬರುತ್ತದೆ ಎಂದು ಐದು ಸಾಲಿನಲ್ಲಿ ಸಾಧಿಸಿದ್ದೀರಿ. ಒಬ್ಬನನ್ನು ಹಿಡಿದುಕೊಳ್ಳುವುದು, ಅವನು ಇದ್ದಾನೋ ಇಲ್ಲವೋ ಎಂದು ಕೇಳುವುದು. ಇಷ್ಟು ಚೊಕ್ಕವಾಗಿ ನನ್ನ ವಿದ್ಯಾರ್ಥಿಗಳಲ್ಲಿ ಮೂವರೋ ನಾಲ್ವರೋ ಬರೆದಿರಬಹುದು. ಆರಕ್ಕೆ ಆರು ಅಂಕ. ಅಂದ ಹಾಗೆ ಈ ಮ ಯಾರು? ಯಜಮಾನರೇ? ಆಗಿದ್ದರೆ ಅವರಿಗೂ ಒಂದು ಅಂಕ.

ಇನ್ನು ಮುಂದಿನ ಪಾಠ. ಘಾತ ಸ್ವಾಭಾವಿಕ ಸಂಖ್ಯೆ ಆಗಿರಲೇಬೇಕು ಅಂತೇನಿಲ್ಲ. ಅರ್ಧ ಆಗಬಹುದು, ಅಂದರೆ ವರ್ಗಮೂಲ. ನಿಯಮ ಅದೇ. ಘಾತ ಐದಾದರೆ ಗುಣಾಂಕ ಮಾಡುವಾಗ ಐದು, ನಾಲ್ಕು, ಮೂರು ಎಂದು ಒಂದೊಂದೇ ಇಳಿದು ಸೊನ್ನೆಗೆ ಬರುತ್ತೀರಿ. ಸೊನ್ನೆ ಬಂತೋ, ಅಲ್ಲಿಂದಾಚೆಗೆ ಎಲ್ಲ ಸತ್ತ ಹಾಗೆ. ಆರು ಪದ, ಮುಗಿಯಿತು, ದೀಪ ಆರಿಸಿ ಮಲಗಬಹುದು. ಘಾತ ಅರ್ಧವಾದರೆ ಅರ್ಧ, ಆಮೇಲೆ ಮೈನಸ್ ಅರ್ಧ, ಆಮೇಲೆ ಮೈನಸ್ ಒಂದೂವರೆ. ಸೊನ್ನೆಯನ್ನು ದಾಟಿ ಹೋಗುತ್ತೀರಿ, ಅದರ ಮೇಲೆ ಕಾಲಿಡುವುದೇ ಇಲ್ಲ. ಆದ್ದರಿಂದ ಪದಗಳು ಮುಗಿಯುವುದಿಲ್ಲ. ಆದರೆ ಹೆದರಬೇಡಿ, ಸರಿಯಾಗಿ ಶುರು ಮಾಡಿದರೆ ಒಂದೊಂದು ಪದವೂ ಹಿಂದಿನದಕ್ಕಿಂತ ಸಣ್ಣದಾಗುತ್ತ ಹೋಗುತ್ತದೆ. ಹೇಗೆ ಶುರು ಮಾಡಬೇಕು ಎಂಬುದು 62ನೇ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿದೆ. ಅದನ್ನು ಓದಿ.

ಐದರ ವರ್ಗಮೂಲ ಕಂಡುಹಿಡಿದು ಕಳಿಸಿ.

ಸ್ತಾಮೆನ್ ಗೆರ್ಜಿಕೋವ್

ಚೆರ್ನಿದೋಲ್, 15 ಮಾರ್ಚ್ 1977

ಕಾಮ್ರೇಡ್ ಮೇಷ್ಟ್ರೇ,

ಉತ್ತರ ಲಗತ್ತಿಸಿದ್ದೇನೆ.

ಐದು ಅಂದರೆ ಒಂದು ಕೂಡಿಸು ನಾಲ್ಕು. ಘಾತ ಅರ್ಧ. ಪದಗಳು ಹೀಗೆ ಬಂದವು: ಒಂದು, ಕೂಡಿಸು ಎರಡು, ಕಳೆ ಎರಡು, ಕೂಡಿಸು ನಾಲ್ಕು, ಕಳೆ ಹತ್ತು. ಐದು ಪದ ಸಾಕು ಎಂದಿದೆ. ಒಟ್ಟು ಮೈನಸ್ ಐದು.

ಐದರ ವರ್ಗಮೂಲ ಮೈನಸ್ ಐದು.

ಜಫೀರಾ

ಪ್ಲೊವ್ದಿವ್, 23 ಮಾರ್ಚ್ 1977

ಕಾಮ್ರೇಡ್ ಕೆಹಾಯೋವಾ ಅವರಿಗೆ,

ಐದರ ವರ್ಗಮೂಲ ಮೈನಸ್ ಐದಂತೆ. ಮೂರು ಸಲ ಕನ್ನಡಕ ಒರೆಸಿಕೊಂಡು ನೋಡಿದೆ. ಎರಡನೇ ತರಗತಿ ಮಗುವನ್ನು ಕೇಳಿದರೂ ಎರಡೆರಡಲ ನಾಲ್ಕು, ಮೂರ್ಮೂರಲ ಒಂಬತ್ತು, ಐದರ ಮೂಲ ಇವೆರಡರ ನಡುವೆ ಇರಬೇಕು ಅನ್ನುತ್ತದೆ. ಇನ್ನೊಂದು ಪದ ಮುಂದೆ ಹೋಗಿದ್ದರೆ ಕೂಡಿಸು ಇಪ್ಪತ್ತೆಂಟು ಬರುತ್ತಿತ್ತು, ಒಟ್ಟು ಇಪ್ಪತ್ತಮೂರು. ಅದನ್ನೂ ಹೀಗೆಯೇ ಬರೆದು, ಸಹಿ ಹಾಕಿ, ಅಂಚೆಗೆ ಹಾಕುತ್ತಿದ್ದಿರಿ ಅಲ್ಲವೇ?

ಪದಗಳು ಬೆಳೆಯುತ್ತಿವೆ ಅಂತ ಕಣ್ಣಿಗೆ ಕಾಣಲಿಲ್ಲವೇ? ಬೆಳೆಯುವ ಪದಗಳನ್ನು ಕೂಡಿ ಯಾರಾದರೂ ಎಲ್ಲಿಗಾದರೂ ಮುಟ್ಟಿದ್ದುಂಟೇ? 62ನೇ ಪುಟ ಓದಿಲ್ಲ. ಆವರಣದಲ್ಲಿ ಒಂದರ ಪಕ್ಕ ಇರುವುದು ಒಂದಕ್ಕಿಂತ ಸಣ್ಣದಿರಬೇಕು. ನಾಲ್ಕನ್ನು ಅಲ್ಲೇ ಕೂರಿಸಿಕೊಂಡರೆ ಅದು ಮನೆ ಮುರಿಯುತ್ತದೆ. ದೊಡ್ಡದನ್ನು ಮೊದಲು ಹೊರಗೆ ತೆಗೆಯಬೇಕು. ಐದು ಅಂದರೆ ನಾಲ್ಕರ ಪಟ್ಟು ಒಂದೂ ಕಾಲು. ನಾಲ್ಕರ ಮೂಲ ಎರಡು, ಅದು ಆವರಣದ ಹೊರಗೆ ಬರಲಿ. ಒಳಗೆ ಉಳಿಯುವುದು ಒಂದು ಕೂಡಿಸು ಕಾಲು. ಕಾಲು ಸಣ್ಣದು, ಅದರ ಜೊತೆ ಬಾಳಬಹುದು.

ಇನ್ನು ನೇರವಾಗಿ ಕೇಳುತ್ತೇನೆ. ಫೆಬ್ರವರಿಯ ಉತ್ತರ ಬರೆದವರೂ ಮಾರ್ಚಿನ ಉತ್ತರ ಬರೆದವರೂ ಒಬ್ಬರೇ ಎಂದು ನಾನು ಹೇಗೆ ನಂಬಲಿ? ಆ ಐದು ಜನರ ತಂಡ ಯಾರು ಬರೆದುಕೊಟ್ಟರು? ಇಂಜಿನಿಯರೇ? ಯಜಮಾನರೇ? ನಕಲು ಮಾಡುವವರ ಹತ್ತಿರ ಕಚ್ಚಾ ಲೆಕ್ಕ ಇರುವುದಿಲ್ಲ. ನಿಮ್ಮ ಹತ್ತಿರ ಇದ್ದರೆ ಎಲ್ಲವನ್ನೂ ಕಳಿಸಿ. ಚಿತ್ತು ಕಾಟು ಸಮೇತ. ಶುದ್ಧ ಪ್ರತಿ ಬೇಡ.

ಸ್ತಾಮೆನ್ ಗೆರ್ಜಿಕೋವ್

ಚೆರ್ನಿದೋಲ್, 19 ಏಪ್ರಿಲ್ 1977

ಕಾಮ್ರೇಡ್ ಮೇಷ್ಟ್ರೇ,

ಕಚ್ಚಾ ಲೆಕ್ಕ ಕೇಳಿದಿರಿ. ಕಳಿಸಿದ್ದೇನೆ. ಹನ್ನೊಂದು ಹಾಳೆ. ಹಿಂಬದಿ ಖಾಲಿ ಇರುವ ಕಾಗದ ಮನೆಯಲ್ಲಿ ಬೇಕಾದಷ್ಟು ಇತ್ತು, ದಪ್ಪ ಕಾಗದ, ಶಾಯಿ ಹರಡುವುದಿಲ್ಲ. ಅದರ ಮೇಲೆ ಮಾಡಿದ್ದು.

ತಡವಾಯಿತು. ಹೋದ ವಾರ ಮನೆಯಲ್ಲಿ ಆಚರಿಸಬೇಕಾದ ಒಂದು ದಿನ ಇತ್ತು. ಗೋಧಿ ಬೇಯಿಸಬೇಕಾಗಿತ್ತು. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಯಾರೂ ಬರೆದುಕೊಟ್ಟಿಲ್ಲ.

ಜಫೀರಾ

ಪ್ಲೊವ್ದಿವ್, 26 ಏಪ್ರಿಲ್ 1977

ಜಫೀರಾ ಅವರೇ,

ಹನ್ನೊಂದು ಹಾಳೆಗಳೂ ತಲುಪಿದವು. ಮಡಿಸದೆ, ರಟ್ಟಿನ ನಡುವೆ ಇಟ್ಟು ವಾಪಸು ಕಳಿಸುತ್ತಿದ್ದೇನೆ. ಕೆಂಪು ಶಾಯಿ ಮುಂದಿನ ಬದಿಗೆ ಇಳಿಯುತ್ತದೇನೋ ಎಂದು ಪೆನ್ಸಿಲ್ಲಿನಲ್ಲಿ ತಿದ್ದಿದ್ದೇನೆ.

ಲೆಕ್ಕಗಳು ನಿಮ್ಮವೇ.

ಸ್ತಾಮೆನ್ ಗೆರ್ಜಿಕೋವ್

ಪ್ಲೊವ್ದಿವ್, 7 ಮೇ 1977

ಜಫೀರಾ ಅವರೇ,

ಹಿಂದಿನ ಕಾಗದಕ್ಕೆ ನಿಮ್ಮ ಉತ್ತರ ಬಂದಿಲ್ಲ. ಉತ್ತರ ಬರೆಯುವಂಥ ಕಾಗದ ನಾನು ಬರೆದಿರಲೂ ಇಲ್ಲ. ಈಗ ದೊಡ್ಡದನ್ನು ಮೊದಲು ಹೊರಗೆ ತೆಗೆಯುತ್ತೇನೆ. ನಾನು ಹೇಳಿಕೊಟ್ಟ ನಿಯಮ, ನಾನೇ ಪಾಲಿಸದಿದ್ದರೆ ಹೇಗೆ.

ಮಾರ್ಚ್ 24ರಂದು ನಾನು ಶಾಲೆಯ ಕಚೇರಿಗೆ ನಿಮ್ಮ ಮೇಲೆ ದೂರು ಬರೆದುಕೊಟ್ಟೆ. ಸಂಖ್ಯೆ 118 ಬೇರೆಯವರ ಉತ್ತರಗಳನ್ನು ಕಳಿಸುತ್ತಿದ್ದಾರೆ, ಜೂನ್ ಪರೀಕ್ಷೆಗೆ ಕೂರಿಸಬೇಡಿ, ಎಂದು. ನಿಮ್ಮ ಕಚ್ಚಾ ಲೆಕ್ಕ ಬರುವವರೆಗೂ ಕಾಯಲಿಲ್ಲ. ಸಿಟ್ಟಿನಲ್ಲಿದ್ದೆ. ಮೋಸ ಹೋದೆ ಎನ್ನುವ ಸಿಟ್ಟು. ಇದನ್ನು ನಿಮಗೆ ತಿಳಿಸಿರಲಿಲ್ಲ.

ಆಮೇಲೆ ಹಾಳೆಗಳು ಬಂದವು. ಮೊದಲನೆಯದನ್ನು ತಿದ್ದಿ, ಮಗುಚಿ ಇಡಲು ಹೋದರೆ ಕಪ್ಪು ಅಂಚಿನ, ಫೋಟೊ ಅಚ್ಚಾದ ಸಾವಿನ ಚೀಟಿ. ಮನೋಲ್ ಕೆಹಾಯೋವ್, ಮೂವತ್ತಾರು ವರ್ಷ, ನಮ್ಮನ್ನು ಅಗಲಿ ಆರು ತಿಂಗಳು. ಎರಡನೆಯದನ್ನು ಮಗುಚಿದೆ, ಅದೇ. ಹನ್ನೊಂದರಲ್ಲೂ ಅದೇ ಮುಖ, ಅದೇ ಬಿಳಿ ಅಂಗಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಸಂಜೆವರೆಗೆ ಕೂತಿದ್ದೆ. ಪಾತ್ರೆ ತೊಳೆಯಲು ಹೇಳಿ ಎಂದು ಬರೆದವನು ನಾನು. ಮ ಯಾರು, ಯಜಮಾನರೇ ಎಂದು ತಮಾಷೆ ಮಾಡಿದವನು ನಾನು. ನಾಚಿಕೆಯಾಗುತ್ತಿದೆ ಜಫೀರಾ. ಈ ವಯಸ್ಸಿನಲ್ಲಿ ಇಷ್ಟು ನಾಚಿಕೆಯಾಗುತ್ತದೆ ಎಂದು ಗೊತ್ತಿರಲಿಲ್ಲ.

ಕಚೇರಿಗೆ ಮೂರು ಸಲ ಹೋಗಿ ಬಂದೆ. ಅಲ್ಲಿನ ಹೆಂಗಸು, "ಏನ್ ಮೇಷ್ಟ್ರೇ, ಮಾರ್ಚಲ್ಲಿ ಕಳ್ಳಿ ಅಂದ್ರಿ, ಮೇನಲ್ಲಿ ದೇವತೆ ಅಂತೀರಾ. ನಮ್ಗೂ ಒಂದು ಕಡತ ಅಂತ ಇರುತ್ತೆ," ಅಂದಳು. ತಪ್ಪು ನನ್ನದು ಎಂದು ಬರೆದುಕೊಟ್ಟೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ಅದು ಸಾಲದಂತೆ. ಐದರ ಮೂಲ ಮೈನಸ್ ಐದು ಹೇಗೆ ಬಂತು, ಸರಿಯಾದದ್ದು ಏನು ಎಂದು ನೀವೇ ನಿಮ್ಮ ಕೈಯಲ್ಲಿ, ನಿಮ್ಮ ಮಾತಿನಲ್ಲಿ ವಿವರಿಸಿ ಬರೆದ ಕಾಗದ ಮೇ 25ರೊಳಗೆ ಸಮಿತಿಯ ಮುಂದೆ ಇರಬೇಕು. ಇದ್ದರೆ ಪರೀಕ್ಷೆಗೆ ಕೂರಬಹುದು. ಇಲ್ಲದಿದ್ದರೆ ಆ ಶೆಡ್ಡು.

ಬರೆಯಿರಿ. ನನ್ನನ್ನು ಬೈದು ಬರೆದರೂ ಸರಿ, ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ.

ಸ್ತಾಮೆನ್ ಗೆರ್ಜಿಕೋವ್

ಚೆರ್ನಿದೋಲ್, 18 ಮೇ 1977

ಮೇಷ್ಟ್ರೇ,

ದೊಡ್ಡದು ಮೊದಲು. ಮನೋಲ ಸತ್ತಿದ್ದಾನೆ.

ಇದನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಬಾಯಲ್ಲೂ ಹೇಳಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ, ಊರಿನ ಪ್ರತಿ ಕಂಬದ ಮೇಲೆ, ಪ್ರತಿ ಬಾಗಿಲ ಮೇಲೆ ಚೀಟಿ ಅಂಟಿಸಿದ್ದರು. ಎಲ್ಲರಿಗೂ ಗೊತ್ತಿದ್ದದ್ದನ್ನು ನಾನು ಯಾರಿಗೆ ಹೇಳಲಿ. ಗೊತ್ತಿಲ್ಲದವರು ನೀವೊಬ್ಬರೇ. ಪಾತ್ರೆ ತೊಳೆಯಲು ಹೇಳಿ ಎಂದು ನೀವು ಬರೆದಾಗ ನನಗೆ ಬೇಜಾರಾಗಲಿಲ್ಲ. ಒಂದು ಊರಿನಲ್ಲಿ ಒಬ್ಬರ ಲೆಕ್ಕಕ್ಕೆ ಅವನು ಇನ್ನೂ ಇದ್ದಾನಲ್ಲ ಅನಿಸಿತು. ಅದಕ್ಕೇ ತಿದ್ದಲಿಲ್ಲ.

ಆ ಐದು ಜನರ ತಂಡ ಯಾರು ಬರೆದುಕೊಟ್ಟರು ಎಂದು ಕೇಳಿದಿರಿ. ಹೇಳುತ್ತೇನೆ. ಅಕ್ಟೋಬರ್ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆಗೆ ಕೆಳಗೆ ಮೇಲ್ಛಾವಣಿ ಕುಸಿಯಿತು. ಕುಸಿತದ ಆಚೆ ಐದು ಜನ ಇದ್ದರು. ಅವರಲ್ಲಿ ಯಾರೋ ಗಾಳಿ ಕೊಳವೆಯ ಮೇಲೆ ಬಡಿಯುತ್ತಿದ್ದರು. ಮೂರು ಏಟು, ಸ್ವಲ್ಪ ಬಿಟ್ಟು ಮತ್ತೆ ಮೂರು ಏಟು. ಅದರರ್ಥ ಮೂವರು ಬದುಕಿದ್ದಾರೆ ಎಂದು. ಯಾವ ಮೂವರು ಎಂದು ಕೊಳವೆ ಹೇಳುವುದಿಲ್ಲ. ಗಣಿಯ ಬಾಯಿಯಲ್ಲಿ ನಾವು ಐದು ಜನ ಹೆಂಗಸರು ನಿಂತಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬಳ ಒಳ್ಳೆಯದು ಇನ್ನೊಬ್ಬಳ ಕೆಟ್ಟದ್ದು.

ಸಂಜೆ ನಾಲ್ಕರ ತನಕ ನಿಂತಿದ್ದೆ. ಆರು ಗಂಟೆ ಹೊತ್ತು ಏನು ಮಾಡುವುದು, ಎಣಿಸಿದೆ. ಐವರಲ್ಲಿ ಇಬ್ಬರು. ಜೋಡಿ ಜೋಡಿಯಾಗಿ ಹೆಸರು ಹಿಡಿದು ಎಣಿಸಿದೆ. ಹತ್ತು ಬಂತು. ಮನೋಲ ಇರುವವು ನಾಲ್ಕು, ಇಲ್ಲದವು ಆರು. ಆರು ನನ್ನ ಕಡೆ, ನಾಲ್ಕು ಎದುರು ಕಡೆ. ಆರು ಹೆಚ್ಚಲ್ಲವೇ, ಅಂದುಕೊಂಡೆ. ಮತ್ತೆ ಮತ್ತೆ ಎಣಿಸಿದೆ, ಪ್ರತಿ ಸಲವೂ ಆರು ಹೆಚ್ಚೇ ಇತ್ತು. ಇದಕ್ಕೆ ಪ್ರಮೇಯ ಅಂತ ಒಂದಿದೆ ಎಂದು ಆಗ ಗೊತ್ತಿರಲಿಲ್ಲ. ಜನವರಿಯಲ್ಲಿ ನೀವು ಯಾಕೆ ಹತ್ತು ಎಂದು ಕೇಳಿದಿರಿ. ನನಗೆ ಗೊತ್ತಿತ್ತು, ಬರೆದೆ. ನೀವು ಆರಕ್ಕೆ ಆರು ಕೊಟ್ಟಿರಿ.

ನನಗೆ ಅಳು ಬರಲಿಲ್ಲ. ಅವತ್ತೂ ಇಲ್ಲ, ಮಣ್ಣು ಮಾಡಿದಾಗಲೂ ಇಲ್ಲ. ಸ್ನಾನದ ನೀರು ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ. ಊಟ ಮಾಡುತ್ತೇನೆ, ರುಚಿ ಇಲ್ಲ. ಗಣಿಯವರು ಪರಿಹಾರ ಅಂತ ಈ ಕೆಲಸ ಕೊಟ್ಟರು. ನನ್ನ ಕೈ ನಡುಗುವುದಿಲ್ಲ ಎಂದು ಇಂಜಿನಿಯರು ಹೊಗಳುತ್ತಾರೆ. ಯಾಕೆ ನಡುಗಬೇಕು.

ಆರು ತಿಂಗಳ ಚೀಟಿ ಅತ್ತೆ ಜನವರಿಯಲ್ಲೇ ಅಚ್ಚು ಹಾಕಿಸಿ ತಂದರು. ಎಂಬತ್ತು. "ಏಪ್ರಿಲ್ ಹನ್ನೊಂದಕ್ಕೆ ಊರೆಲ್ಲ ಅಂಟಿಸ್ಬೇಕು ಕಣೇ, ಮರೀಬೇಡ," ಅಂದರು. ಕಪಾಟಿನಲ್ಲಿಟ್ಟೆ. ನಾನು ಲೆಕ್ಕ ಮಾಡಲು ಕೂತಾಗ ಕಾಗದ ಬೇಕಾಗುತ್ತಿತ್ತು. ಕೈಗೆ ಸಿಕ್ಕಿದ್ದು ಅದು. ಹಿಂಬದಿ ಬೆಳ್ಳಗಿತ್ತು. ಅಷ್ಟೇ. ಹನ್ನೊಂದನೇ ತಾರೀಖು ಬಂದಾಗ ಅಂಟಿಸಲು ನನಗೆ ಕಾಲು ಏಳಲಿಲ್ಲ. ಅತ್ತೆ ಕಪಾಟು ತೆಗೆದು ನೋಡಿದರು. "ಮಗನ ಬೆನ್ನ ಮೇಲೆ ಕೂಡೋದು ಕಳೆಯೋದು ಮಾಡಿದ್ಯಲ್ಲೇ. ನೀನೇನು ಕಲ್ಲಾ?" ಅಂದರು. ಅದು ಕೊನೆ ಮಾತು. ಒಂದೇ ಮನೆಯಲ್ಲಿದ್ದೇವೆ. ಅವನ ಹೆಸರಿನಲ್ಲಿ ಬೇಯಿಸಿದ ಗೋಧಿಯನ್ನು ಅವರು ಒಬ್ಬರೇ ಊರವರಿಗೆ ಹಂಚಿದರು.

ನೀವು ಕಚೇರಿಗೆ ಬರೆದುಕೊಟ್ಟದ್ದಕ್ಕೆ ನನಗೆ ಸಿಟ್ಟು ಬರಬೇಕು. ಕಾದು ನೋಡಿದೆ, ಬರಲಿಲ್ಲ. ಬಂದಾಗ ತಿಳಿಸುತ್ತೇನೆ.

ಸಮಿತಿಗೆ ಬೇಕಾದ ವಿವರಣೆ ಇದು. ಮೇಲಿನದನ್ನು ಕತ್ತರಿಸಿ ತೆಗೆದು ಇದನ್ನು ಮಾತ್ರ ಕೊಡಿ.

ನಾನು ಐದನ್ನು ಒಂದು ಮತ್ತು ನಾಲ್ಕು ಎಂದು ಒಡೆದೆ. ನಾಲ್ಕು ದೊಡ್ಡದು. ಅದನ್ನು ಆವರಣದ ಒಳಗೇ ಬಿಟ್ಟು, ಅದು ಅಲ್ಲಿ ಇಲ್ಲವೇನೋ ಎಂಬಂತೆ ಒಂದೊಂದೇ ಪದ ಕೂಡುತ್ತ ಕಳೆಯುತ್ತ ಹೋದೆ. ದೊಡ್ಡದು ಒಳಗಿದ್ದರೆ ಪ್ರತಿ ಹೆಜ್ಜೆಯಲ್ಲೂ ಅದು ಇನ್ನಷ್ಟು ದೊಡ್ಡದಾಗುತ್ತದೆ, ಕೂಡಿದ್ದನ್ನೆಲ್ಲ ಮುಂದಿನದು ಬಂದು ಹಾಳು ಮಾಡುತ್ತದೆ. ಆದ್ದರಿಂದ ಮೈನಸ್ ಐದು ಬಂತು. ಅದು ತಪ್ಪು ಎಂದು ನೋಡಿದ ತಕ್ಷಣ ತಿಳಿಯಬೇಕಿತ್ತು. ತಿಳಿಯಲಿಲ್ಲ, ಏಕೆಂದರೆ ನಾನು ನೋಡುತ್ತಿರಲಿಲ್ಲ, ಬರೆಯುತ್ತಿದ್ದೆ.

ಈಗ ನಾಲ್ಕನ್ನು ಹೊರಗೆ ತೆಗೆದಿದ್ದೇನೆ. ಅದು ಹೋಗಿಬಿಡುವುದಿಲ್ಲ. ಎರಡಾಗಿ ಆವರಣದ ಹೊರಗೆ ನಿಂತಿದೆ, ಕೊನೆಯಲ್ಲಿ ಎಲ್ಲವನ್ನೂ ಅದರಿಂದ ಗುಣಿಸಲೇಬೇಕು. ಒಳಗೆ ಒಂದು ಕೂಡಿಸು ಕಾಲು. ಪದಗಳು: ಒಂದು, ಕೂಡಿಸು ಎಂಟರಲ್ಲೊಂದು ಭಾಗ, ಕಳೆ ನೂರ ಇಪ್ಪತ್ತೆಂಟರಲ್ಲೊಂದು ಭಾಗ, ಕೂಡಿಸು ಸಾವಿರದ ಇಪ್ಪತ್ತನಾಲ್ಕರಲ್ಲೊಂದು ಭಾಗ. ಎರಡರಿಂದ ಗುಣಿಸಿದರೆ 2.2363. ಈ ಪದಗಳು ಮುಗಿಯುವುದಿಲ್ಲ. ಸಣ್ಣದಾಗುತ್ತವೆ.

ಕಚ್ಚಾ ಲೆಕ್ಕದ ಹಾಳೆಯನ್ನೂ ಇಟ್ಟಿದ್ದೇನೆ. ಅದೂ ಚೀಟಿಯ ಹಿಂಬದಿಯೇ. ನೋಡಿ ವಾಪಸು ಕಳಿಸಿ.

ಜಫೀರಾ

ಪ್ಲೊವ್ದಿವ್, 30 ಮೇ 1977

ಜಫೀರಾ,

ನಿನ್ನನ್ನು ಇನ್ನು ಅವರೇ ಇವರೇ ಎನ್ನಲಾರೆ.

ಕತ್ತರಿಸಿ ಕೊಟ್ಟೆ. ಸಮಿತಿಯಲ್ಲಿ ಮೂರು ಜನ ಓದಿದರು. "ಏಕೆಂದರೆ ನಾನು ನೋಡುತ್ತಿರಲಿಲ್ಲ, ಬರೆಯುತ್ತಿದ್ದೆ" ಎನ್ನುವ ಸಾಲಿಗೆ ಬಂದಾಗ ಅವರಲ್ಲೊಬ್ಬ, "ಇದು ಗಣಿತ ಅಲ್ಲವಲ್ಲ," ಅಂದ. ನಾನು, "ಗಣಿತ ಕಲಿಯೋರಿಗೆಲ್ಲ ಬರೋ ಕಾಯಿಲೆ ಅದು, ಇವಳೊಬ್ಬಳು ಒಪ್ಕೊಂಡಿದ್ದಾಳೆ ಅಷ್ಟೇ," ಅಂದೆ. ಅನುಮತಿ ಸಿಕ್ಕಿದೆ. ಜೂನ್ 20, ಬೆಳಿಗ್ಗೆ ಎಂಟಕ್ಕೆ. ಎರಡು ಪೆನ್ಸಿಲ್ ತಾ. ಬರುವ ಮುನ್ನ ಏನಾದರೂ ತಿನ್ನು, ರುಚಿ ಇಲ್ಲದಿದ್ದರೂ ತಿನ್ನು.

ಮೇಲಿನ ಭಾಗ ನನ್ನ ಹತ್ತಿರ ಇದೆ. ಆರಕ್ಕೆ ಆರು ಕೊಟ್ಟ ಆ ಅಂಕವನ್ನು ಏನು ಮಾಡಲಿ ಎಂದು ನನಗೆ ತಿಳಿಯುತ್ತಿಲ್ಲ. ವಾಪಸು ತೆಗೆದುಕೊಳ್ಳಲಾರೆ, ಸಾಧನೆ ಸರಿಯಾಗಿದೆ. ಅದನ್ನು ನಾನು ಎಷ್ಟು ಸಲ ಹೊಗಳಿದೆನೋ ಅಷ್ಟು ಸಲ ನಿನ್ನನ್ನು ಆ ಗಣಿಯ ಬಾಯಿಗೆ ಕಳಿಸಿದೆ ಅಂತ ಈಗ ಅನಿಸುತ್ತದೆ.

ನಿನ್ನ ಹಾಳೆ ಇದರ ಜೊತೆ ಇದೆ. ಲೆಕ್ಕ ಸರಿ. ಪಕ್ಕದಲ್ಲಿ ಪೆನ್ಸಿಲ್ಲಿನ ಗುರುತು ಹಾಕಿದ್ದೇನೆ.

ಸ್ತಾಮೆನ್

ಚೆರ್ನಿದೋಲ್, 22 ಜೂನ್ 1977

ಮೇಷ್ಟ್ರೇ,

ಪರೀಕ್ಷೆ ಮುಗಿಸಿ ನಿಮ್ಮನ್ನು ನೋಡದೆ ಬಸ್ಸು ಹತ್ತಿಬಿಟ್ಟೆ. ತಪ್ಪು ತಿಳಿಯಬೇಡಿ. ನಿಮ್ಮ ಮುಂದೆ ಕೂತರೆ ಏನು ಮಾತಾಡಬೇಕು ಎಂದು ತಿಳಿಯಲಿಲ್ಲ.

ಒಂಬತ್ತರ ಘನಮೂಲ ಕೇಳಿದ್ದರು. ಎಂಟನ್ನು ಹೊರಗೆ ತೆಗೆದೆ. ಒಳಗೆ ಒಂದು ಕೂಡಿಸು ಎಂಟರಲ್ಲೊಂದು ಭಾಗ. 2.0801 ಬಂತು. ಎರಡರ ಘನ ಎಂಟು, ಆದ್ದರಿಂದ ಎರಡಕ್ಕಿಂತ ಒಂದು ಚೂರು ಹೆಚ್ಚು ಇರಬೇಕು ಎಂದು ಬರೆಯುವ ಮೊದಲೇ ನೋಡಿಕೊಂಡೆ.

ನನ್ನ ಪಕ್ಕದಲ್ಲಿದ್ದ ಹುಡುಗಿ ಒಂದು ಕೂಡಿಸು ಎಂಟು ಎಂದು ಹಾಕಿಕೊಂಡಿದ್ದಳು. ಅವಳಿಗೆ ಹೇಳಬೇಕು ಅನಿಸಿತು. ಹೇಳುವ ಹಾಗಿರಲಿಲ್ಲ.

ಜಫೀರಾ

ಚೆರ್ನಿದೋಲ್, 12 ಅಕ್ಟೋಬರ್ 1977

ಮೇಷ್ಟ್ರೇ,

ನಾಲ್ಕು ತಿಂಗಳಾಯಿತು ಬರೆಯದೆ. ಆರಕ್ಕೆ ನಾಲ್ಕು ಅಂಕ ಬಂದಿದ್ದು ನಿಮಗೆ ನನಗಿಂತ ಮೊದಲೇ ಗೊತ್ತಾಗಿರುತ್ತದೆ. ಕೆಲಸ ಉಳಿಯಿತು. ಈಗ ಶಾಯಿ ಎಳೆಯುವುದಷ್ಟೇ ಅಲ್ಲ, ಅಳತೆಯ ಲೆಕ್ಕವನ್ನೂ ನಾನೇ ಮಾಡುತ್ತೇನೆ. ನನ್ನ ಮೇಜು ಹಿಂದಿನ ಕಿಟಕಿಯ ಹತ್ತಿರ, ಅಲ್ಲಿಂದ ಗಣಿಯ ಬಾಯಿ ಕಾಣುವುದಿಲ್ಲ.

ನಿನ್ನೆಗೆ ಒಂದು ವರ್ಷ. ಅತ್ತೆ ಹೊಸ ಚೀಟಿ ಅಚ್ಚು ಹಾಕಿಸಿರಲಿಲ್ಲ. ಹಾಕಿಸಿದರೆ ಇವಳು ಅದರ ಮೇಲೂ ಲೆಕ್ಕ ಮಾಡುತ್ತಾಳೆ ಎಂದು ಇರಬೇಕು. ಬೆಳಿಗ್ಗೆ ನಾನೇ ಕಪಾಟಿನಿಂದ ಹಳೆಯವನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟೆ. ನೀವು ವಾಪಸು ಕಳಿಸಿದ ಹಾಳೆಗಳೂ ಅದರಲ್ಲಿದ್ದವು. ಪೆನ್ನು ತೆಗೆದುಕೊಂಡು ಆರು ತಿಂಗಳು ಎಂಬುದನ್ನು ಹೊಡೆದು ಒಂದು ವರ್ಷ ಎಂದು ಬರೆಯುತ್ತ ಕೂತೆ. ಎಂಬತ್ತು ಸಲ. ಮೂವತ್ತು ಮುಗಿಯುವ ಹೊತ್ತಿಗೆ ಅತ್ತೆ ಬಂದು ಎದುರಿಗೆ ಕೂತರು. ಆರು ತಿಂಗಳಿನಿಂದ ನನ್ನ ಜೊತೆ ಮಾತಾಡದವರು. ಇನ್ನೊಂದು ಪೆನ್ನು ತೆಗೆದುಕೊಂಡರು. ಉಳಿದದ್ದರಲ್ಲಿ ಅರ್ಧ ಅವರು ಬರೆದರು.

ಆಮೇಲೆ ಹಿಟ್ಟಿನ ಅಂಟು ಕಾಯಿಸಿ, ಬಕೆಟ್ಟು ಅವರು ಹಿಡಿದರು, ಕುಂಚ ನಾನು ಹಿಡಿದೆ. ಬಸ್ ನಿಲ್ದಾಣ, ಅಂಗಡಿ, ಬೇಕರಿ, ಅಳತೆ ಕಚೇರಿಯ ಬಾಗಿಲು. ಗಣಿಯ ಬಾಯಿಗೂ ಹೋದೆವು. ಮೈನಸ್ ಐದು ಬಂದ ಹಾಳೆಯನ್ನು ಅಲ್ಲಿ ಅಂಟಿಸಿದೆ.

ಕೊನೆಯದು ನಮ್ಮ ಮನೆಯ ಗೇಟಿಗೆ. ನೀವು ಪೆನ್ಸಿಲ್ಲಿನ ಗುರುತು ಹಾಕಿದ ಸರಿ ಲೆಕ್ಕದ ಹಾಳೆ. ಅಂಟು ಬಳಿದು ಒತ್ತಿ ಹಿಡಿದಾಗ ಕಾಗದ ಒದ್ದೆಯಾಗಿ ತೆಳ್ಳಗಾಯಿತು. ಹಿಂದಿನ ಅಂಕಿಗಳೆಲ್ಲ ಕನ್ನಡಿಯೊಳಗಿನಂತೆ ತಿರುಗಿ ಮನೋಲನ ಮುಖದ ಮೇಲೆ ಎದ್ದು ಬಂದವು. ಹಣೆಯ ಮೇಲೆ ಒಂದು ಸಾಲು, ಕೆನ್ನೆಯ ಮೇಲೆ ಒಂದು ಸಾಲು. ಅತ್ತೆ ಬಗ್ಗಿ ನೋಡಿದರು.

"ಇದೇನೇ ಹಣೆ ಮೇಲೆ?"

"ಲೆಕ್ಕ, ಅತ್ತೆ."

"ಸರಿಯಾಗಿದ್ಯಾ?"

"ಸರಿಯಾಗಿದೆ. ಮೇಷ್ಟ್ರು ನೋಡಿದ್ದಾರೆ."

ಅವರು ಸೆರಗಿನಂತೆ ಹೊದ್ದ ಕಪ್ಪು ವಸ್ತ್ರದ ತುದಿಯಿಂದ ಮೂಲೆಯಲ್ಲಿ ಇಳಿಯುತ್ತಿದ್ದ ಅಂಟನ್ನು ಒರೆಸಿದರು. "ಹಂಗಾದ್ರೆ ಇರ್ಲಿ ಬಿಡು," ಅಂದರು.

ಬಿಸಿಲಿತ್ತು. ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಕಾಗದ ಒಣಗುತ್ತ ಬಂದಂತೆ ಅಂಕಿಗಳು ಒಂದೊಂದಾಗಿ ಮಾಸಿದವು. ಸಣ್ಣವು ಮೊದಲು ಹೋದವು. ಕೊನೆಗೆ ಆವರಣದ ಹೊರಗಿದ್ದ ಎರಡರ ಅಂಕಿ ಮಾತ್ರ ಅವನ ಅಂಗಿಯ ಕಾಲರಿನ ಹತ್ತಿರ ಉಳಿದಿತ್ತು. ಅದೂ ಹೋಯಿತು. ಬರೀ ಅವನು ಉಳಿದ, ಬಿಳಿ ಅಂಗಿಯಲ್ಲಿ, ಮದುವೆ ದಿನದ ಹಾಗೆ. ಆಗ ನನಗೆ ಅಳು ಬಂತು ಮೇಷ್ಟ್ರೇ. ಗೇಟು ಹಿಡಿದುಕೊಂಡು ಅತ್ತುಬಿಟ್ಟೆ. ಕೈ ನಡುಗಿತು. ಅತ್ತೆ ಬಕೆಟ್ಟನ್ನು ಕೆಳಗಿಟ್ಟು ನನ್ನ ಕೈಯಿಂದ ಕುಂಚ ತೆಗೆದುಕೊಂಡರು.

ಇವತ್ತು ಕಚೇರಿಗೆ ರಜೆ ಹಾಕಿದ್ದೇನೆ. ನಿಮ್ಮ ಮೇಲೆ ಸಿಟ್ಟು ಬಂದಾಗ ತಿಳಿಸುತ್ತೇನೆ ಅಂದಿದ್ದೆ. ಬೆಳಿಗ್ಗೆ ಬಂತು. ಚಹಾ ತುಂಬ ಬಿಸಿಯಾಗಿತ್ತು, ನಾಲಿಗೆ ಸುಟ್ಟುಕೊಂಡೆ, ಆಮೇಲೆ ನಿಮ್ಮನ್ನು ಚೆನ್ನಾಗಿ ಬೈದೆ.

ಜಫೀರಾ